ಸಿನಿಮಾದಲ್ಲಿಲ್ಲದ ಷಾಟ್

“ಅಲ್ಲೇ ನಿಲ್ಲಿಸಿ. ಸ್ವಲ್ಪ ಹಿಂದಕ್ಕೆ ಹೋಗಿ. ಇನ್ನೂ ಸ್ವಲ್ಪ.”

ಕಂಟ್ರೋಲ್ ರೂಮಿನ ಮೇಲ್ವಿಚಾರಕಿ ನಿಟ್ಟುಸಿರು ಬಿಟ್ಟು ಗುಂಡಿ ತಿರುಗಿಸಿದಳು. ಬೆಳಗಿನಿಂದ ಅವಳಿಗೆ ಇದೇ ಕೆಲಸವಾಗಿತ್ತು. ಗಾಜಿನಾಚೆ, ಕೆಳಗಿನ ಸಭಾಂಗಣದಲ್ಲಿ, ಕೆಲಸದವರು ನಿನ್ನೆಯ ಕೆಂಪು ನೆಲಹಾಸನ್ನು ಸುರುಳಿ ಸುತ್ತುತ್ತಿದ್ದರು. ವೇದಿಕೆಯ ಮೇಲೆ ಏಣಿ ಹತ್ತಿದ್ದ ಒಬ್ಬ ದೊಡ್ಡ ನಕ್ಷತ್ರವೊಂದನ್ನು ಕಿತ್ತು ಕೆಳಗಿನವನ ಕೈಗೆ ಇಳಿಬಿಡುತ್ತಿದ್ದ. ನಿನ್ನೆ ಸಂಜೆ ಎಲ್ಲರ ಕಣ್ಣು ಕೋರೈಸಿದ್ದ ನಕ್ಷತ್ರ, ಈಗ ಬಣ್ಣ ಬಳಿದ ಬರಿಯ ಥರ್ಮೋಕೋಲು.

ಅಕ್ಕ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

ಪೊಲೀಸ್ ಇಲಾಖೆಯಲ್ಲಿದ್ದಷ್ಟು ಕಾಲ ಮೇಲಧಿಕಾರಿಗಳಿಂದ ಹಿಡಿದು ಜೇಬುಗಳ್ಳರ ತನಕ ಎಲ್ಲರೂ ಅವಳನ್ನು ಹಾಗೆಯೇ ಕರೆದಿದ್ದರು. ಕೆಲಸ ಬಿಟ್ಟು ಸ್ವಂತ ಪತ್ತೇದಾರಿ ಕಚೇರಿ ತೆರೆದಾಗ, ಬೋರ್ಡಿನ ಮೇಲೂ ಅದನ್ನೇ ಬರೆಸಿಬಿಡು ಎಂದು ಗೆಳೆಯರು ಗೇಲಿ ಮಾಡಿದ್ದರು. ನಿಜಕ್ಕೂ ಹಾಗೆ ಕರೆಯುವ ಹಕ್ಕಿದ್ದವಳು ಒಬ್ಬಳೇ, ಅವಳ ಬೆನ್ನಿಗೆ ಹುಟ್ಟಿದ ತಂಗಿ. ಆ ತಂಗಿಯ ಗಂಡ ಒಂದು ತಿಂಗಳ ಹಿಂದೆ ತನ್ನ ಎಡಿಟಿಂಗ್ ರೂಮಿನ ಹೊರಗಿನ ಮೆಟ್ಟಿಲಿನಿಂದ ಉರುಳಿ ಸತ್ತಿದ್ದ. ಕಾಲು ಜಾರಿತು ಎಂದು ಪೊಲೀಸರು ಕೈತೊಳೆದುಕೊಂಡಿದ್ದರು. ನಿನ್ನೆ ಅದೇ ಮನುಷ್ಯನಿಗೆ ವರ್ಷದ ಅತ್ಯುತ್ತಮ ಸಂಕಲನಕಾರ ಪ್ರಶಸ್ತಿ ಬಂದಿತ್ತು.

ಕಾಲು ಜಾರಿತು ಎಂಬುದನ್ನು ಅಕ್ಕ ಮೊದಲ ದಿನದಿಂದಲೂ ನಂಬಿರಲಿಲ್ಲ. ಅವನ ಕನ್ನಡಕ ಎಡಿಟಿಂಗ್ ಮೇಜಿನ ಮೇಲೆ ಮಡಚಿಟ್ಟ ಹಾಗೆಯೇ ಸಿಕ್ಕಿತ್ತು. ಕನ್ನಡಕವಿಲ್ಲದೆ ಎದುರಿಗಿದ್ದವರ ಮುಖವೂ ಕಾಣದವನು ಮನೆಗೆ ಹೊರಟು ಮೆಟ್ಟಿಲಿಳಿಯುತ್ತಿದ್ದನೇ? ಇಲ್ಲ. ಯಾರೋ ಬಂದಿದ್ದರು. ಅವನು ಬಾಗಿಲ ತನಕ ಎದ್ದು ಹೋಗಿದ್ದ, ಅಷ್ಟೇ.

“ಇಲ್ಲಿ,” ಅಂದಳು ಅಕ್ಕ. “ಈಗ ನಿಧಾನಕ್ಕೆ ಬಿಡಿ.”

ನಿನ್ನೆ ಬಹುಮಾನ ಘೋಷಿಸುವ ಮುನ್ನ ಓಡಿಸಿದ ಸಿನಿಮಾದ ತುಣುಕು ಅದು. ಪರದೆಯ ಮೇಲೆ ಹೊತ್ತಿ ಉರಿಯುವ ಹತ್ತಿ ಗಿರಣಿ. ಎತ್ತರದ ಗೋಡೆಯಂಚಿನಲ್ಲಿ ನಾಯಕಿ. ಹೊಗೆ. ಕೆಳಗೆ ನೆರೆದವರ ಮುಖಗಳು. ಮತ್ತೆ ನಾಯಕಿ, ಈ ಸಲ ಬೆನ್ನು ಮಾತ್ರ. ಆಮೇಲೆ, ರೆಪ್ಪೆ ಬಡಿಯುವುದರೊಳಗೆ ಬಂದು ಹೋಗುವ ಒಂದು ಷಾಟ್. ಅದೇ ಗೋಡೆಯಂಚು, ಅದೇ ಹೆಣ್ಣು, ಪಕ್ಕದಿಂದ ತೆಗೆದದ್ದು. ಚೌಕಟ್ಟಿನ ಮೂಲೆಯಲ್ಲಿ ಯಾರದೋ ಬಲಗೈಯೊಂದು ಮೇಲೆದ್ದಿದೆ. ಮೊಣಕೈ ತನಕ ಮಡಚಿದ ಅಂಗಿ. ಅಗಲಿಸಿದ ಬೆರಳುಗಳಲ್ಲಿ ಕಿರುಬೆರಳು ಮಾತ್ರ ಒಳಕ್ಕೆ ಬಾಗಿದೆ. ಆ ಕೈ ಸರ್ರನೆ ಕೆಳಗಿಳಿಯುತ್ತದೆ. ಹೆಣ್ಣು ಜಿಗಿಯುತ್ತಾಳೆ.

ಅವಳ ಸೊಂಟಕ್ಕೆ ಹಗ್ಗವಿರಲಿಲ್ಲ.

ಮೇಲ್ವಿಚಾರಕಿಯ ಕೈ ಗುಂಡಿಯ ಮೇಲೆಯೇ ನಿಂತಿತು. ನಿನ್ನೆ ತಾನು ಇದೇ ಕುರ್ಚಿಯಲ್ಲಿ ಕೂತು ಈ ತುಣುಕನ್ನು ಓಡಿಸಿದ್ದೆ, ಸಿನಿಮಾವನ್ನೂ ನೋಡಿದ್ದೆ, ಆದರೂ ಗೊತ್ತಾಗಲಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು.

ಗೊತ್ತಾಗುವಂತೆಯೂ ಇರಲಿಲ್ಲ. ಸಭಾಂಗಣ ತುಂಬ ಜನ, ಟೀವಿಯ ಮುಂದೆ ಊರಿಗೆ ಊರೇ ಕೂತಿತ್ತು. ಎಲ್ಲರೂ ನೋಡಿದರು, ಯಾರಿಗೂ ಕಾಣಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಅಕ್ಕನಿಗೂ ಏನೋ ಮುಳ್ಳು ತಾಕಿದಂತಾಗಿತ್ತೇ ಹೊರತು ಏನೆಂದು ಹೊಳೆದಿರಲಿಲ್ಲ. ರಾತ್ರಿಯೆಲ್ಲ ಹೊರಳಾಡಿ ಬೆಳಗಾಗುತ್ತಲೇ ಇಲ್ಲಿಗೆ ಓಡಿಬಂದಿದ್ದಳು.

ಆ ಷಾಟ್ ಸಿನಿಮಾದಲ್ಲಿ ಇರಲಿಲ್ಲ. ಅದರಲ್ಲಿದ್ದವಳು ನಾಯಕಿಯೂ ಅಲ್ಲ. ನಾಯಕಿಗೆ ಡೂಪ್ ಆಗಿ ನಿಲ್ಲುತ್ತಿದ್ದ, ಸ್ಟಂಟ್ ಮಾಸ್ಟರ್‌ನ ಒಡಹುಟ್ಟಿದ ತಂಗಿ. ಕಳೆದ ವರ್ಷ ಆ ಗೋಡೆಯಿಂದಲೇ ಬಿದ್ದು ಸತ್ತವಳು. ಊಟದ ಬಿಡುವಿನಲ್ಲಿ ಯಾರಿಗೂ ಹೇಳದೆ ಹಗ್ಗ ಕಟ್ಟಿಕೊಳ್ಳದೆ ಅಭ್ಯಾಸಕ್ಕೆಂದು ಮೇಲೆ ಹತ್ತಿದಳು, ಆಗ ಕ್ಯಾಮೆರಾ ಓಡುತ್ತಿರಲಿಲ್ಲ ಎಂದು ನಿರ್ದೇಶಕ ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದ. ತಪ್ಪು ಅವಳದೇ ಎಂದು ತೀರ್ಮಾನವಾಗಿ ಎಲ್ಲರೂ ಮನೆಗೆ ಹೋಗಿದ್ದರು.

ಕ್ಯಾಮೆರಾ ಓಡುತ್ತಿತ್ತು. ಯಾರೋ ಕೈ ಬೀಸಿ ಜಿಗಿ ಎಂದಿದ್ದರು.

“ಈ ತುಣುಕು ನಿಮಗೆ ಬಂದದ್ದು ಯಾವಾಗ?” ಅಕ್ಕ ಕೇಳಿದಳು.

“ನಾಮಿನೇಷನ್ ಘೋಷಣೆ ಆದ ಮೇಲೆ, ಮೇಡಂ. ಹೋದ ವಾರ. ಅವರವರ ಕಡೆಯವರೇ ಕಳಿಸ್ತಾರೆ.”

ಹೋದ ವಾರ. ಅಂದರೆ ಸತ್ತವನು ಕಳಿಸಿದ್ದಲ್ಲ.

ಅಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಟೀವಿಯಲ್ಲಿ ನೇರಪ್ರಸಾರವಾದ ಭಾಗವನ್ನು ಹಾಕುವಂತೆ ಹೇಳಿದಳು. ತುಣುಕುಗಳು ಓಡುವಾಗ ಸ್ಪರ್ಧೆಯಲ್ಲಿದ್ದವರ ಮುಖಗಳನ್ನು ಪಕ್ಕಪಕ್ಕದ ಚೌಕಗಳಲ್ಲಿ ತೋರಿಸುತ್ತಾರಲ್ಲ, ಆ ಭಾಗ. ಸತ್ತವನ ಚೌಕದಲ್ಲಿ ತಂಗಿ ಕೂತಿದ್ದಳು. ಬೂದು ಸೀರೆ, ಒಂದೂ ಒಡವೆಯಿಲ್ಲ. ಅವಳ ಪಕ್ಕದ ಚೌಕದಲ್ಲಿ ಸತ್ತವನ ಶಿಷ್ಯ. ಗುರುವಿನ ಕೈಕೆಳಗೆ ಕೆಲಸ ಕಲಿತು, ಬೇರೊಂದು ಸಿನಿಮಾಕ್ಕಾಗಿ ಗುರುವಿನ ಎದುರೇ ಸ್ಪರ್ಧೆಗೆ ನಿಂತು ಸೋತವನು.

ತುಣುಕು ಓಡಿತು. ಆ ಷಾಟ್ ಬಂದಾಗ ಶಿಷ್ಯನ ಹುಬ್ಬು ಗಂಟಿಕ್ಕಿತು. ಕಸುಬು ಬಲ್ಲವನಿಗೆ ಅಷ್ಟಾದರೂ ಕಂಡಿತ್ತು. ಉಳಿದವರೆಲ್ಲ ಪರದೆಯನ್ನೇ ನೋಡುತ್ತ ಸೌಜನ್ಯದ ಮುಖ ಹೊತ್ತು ಕೂತಿದ್ದರು.

ತಂಗಿಯ ಕಣ್ಣು ಪರದೆಯ ಮೇಲಿರಲಿಲ್ಲ.

ಅವಳು ಕತ್ತನ್ನು ತುಸು ಹೊರಳಿಸಿ ನಡುಹಾದಿಯ ಆಚೆಗೆ ನೋಡುತ್ತಿದ್ದಳು. ಷಾಟ್ ಬಂದ ಮೇಲೆ ಹೊರಳಿಸಿದ್ದಲ್ಲ, ಬರುವುದಕ್ಕೆ ಮೊದಲೇ. ತರಗತಿಯಲ್ಲಿ ಯಾರು ನಕಲು ಮಾಡುತ್ತಾರೆ ಎಂದು ಮೇಷ್ಟ್ರು ಕಾಯುವ ಹಾಗೆ ಕಾಯುತ್ತಿದ್ದಳು. ಶಾಲೆಯಲ್ಲಿ ಅವಳು ಗಣಿತದ ಟೀಚರ್.

ಅಕ್ಕ ಪರದೆಯತ್ತ ಬಾಗಿದಳು. ದನಿ ಬದಲಿಸದೆ, ನಡುಹಾದಿಯ ಆಚೆ ಬದಿಯನ್ನು ಹಿಡಿದ ಕ್ಯಾಮೆರಾ ಇದೆಯೇ ಎಂದು ಕೇಳಿದಳು. ಇತ್ತು. ಮೇಲ್ವಿಚಾರಕಿ ಹುಡುಕಿ ಅದೇ ಕ್ಷಣಕ್ಕೆ ತಂದು ನಿಲ್ಲಿಸಿದಳು.

ಆ ಬದಿಯ ತುದಿಯ ಕುರ್ಚಿಯಲ್ಲಿ ಸ್ಟಂಟ್ ಮಾಸ್ಟರ್ ಕೂತಿದ್ದ. ದೊಡ್ಡ ಆಳು, ಬಾಡಿಗೆಗೆ ತಂದಂತಿದ್ದ ಕೋಟಿನಲ್ಲಿ ಭುಜಗಳು ಹಿಡಿಸದೆ ಒದ್ದಾಡುತ್ತಿದ್ದವು. ಸಾಹಸ ದೃಶ್ಯಗಳ ವಿಭಾಗದಲ್ಲಿ ಅವನ ಹೆಸರೂ ಇತ್ತು, ಬಹುಮಾನ ಬಂದಿರಲಿಲ್ಲ. ಗಿರಣಿ ಉರಿಯತೊಡಗಿದಾಗ ಅವನು ನೆಟ್ಟಗೆ ಕೂತ. ನಾಯಕಿಯ ಬೆನ್ನು ಕಂಡೊಡನೆ ಕಣ್ಣು ಮುಚ್ಚಿಕೊಂಡ. ಷಾಟ್ ಬಂದು ಹೋಯಿತು. ಆಮೇಲೆ ಕಣ್ಣು ತೆರೆದ. ಪರದೆಯ ಕಡೆ ನೋಡಲಿಲ್ಲ. ನಡುಹಾದಿಯ ಈಚೆ, ಅಕ್ಕನ ತಂಗಿಯ ಕಡೆ ನೋಡಿದ.

ಇಬ್ಬರೂ ಹಾಗೆಯೇ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅಷ್ಟರಲ್ಲಿ ವೇದಿಕೆಯಿಂದ ವಿಜೇತನ ಹೆಸರು ಕೂಗಿದರು.

ತಂಗಿ ವೇದಿಕೆ ಹತ್ತಿ ಮೈಕಿನ ಮುಂದೆ ಹೇಳಿದ ಮಾತು ಇವತ್ತಿನ ಎಲ್ಲ ಪತ್ರಿಕೆಗಳಲ್ಲೂ ದಪ್ಪಕ್ಷರದಲ್ಲಿ ಬಂದಿತ್ತು. “ಅವರು ಉಳಿಸಿದ್ದಕ್ಕಿಂತ ಕತ್ತರಿಸಿ ಎಸೆದದ್ದೇ ಹೆಚ್ಚು. ಉಳಿದದ್ದಕ್ಕೆ ನೀವು ಬಹುಮಾನ ಕೊಟ್ಟಿದ್ದೀರಿ.” ಗಂಡನ ಕಸುಬನ್ನು ಎಷ್ಟು ಚೆನ್ನಾಗಿ ಹೇಳಿದಳು ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅಕ್ಕನೂ ತಟ್ಟಿದ್ದಳು.

ಹೊರಗೆ ಬಂದು ಅವಳು ತಂಗಿಗೆ ಫೋನ್ ಮಾಡಿದಳು. ಸ್ವಿಚ್ಡ್ ಆಫ್. ಪಾಠ ಮಾಡುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ, ಫೋನ್ ಎತ್ತದೆ ಇದ್ದದ್ದು ಒಳ್ಳೆಯದೇ ಆಯಿತು ಎನ್ನಿಸಿತು. ಅಮ್ಮ ಹೋದಾಗ ಆ ಹುಡುಗಿಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ತಲೆ ಬಾಚಿ, ಜ್ವರ ಬಂದಾಗ ಪಕ್ಕದಲ್ಲಿ ಮಲಗಿ, ಲೆಕ್ಕ ತಪ್ಪಿದಾಗ ಗದರಿಸಿ ಬೆಳೆಸಿದ ಜೀವ. ಅವಳನ್ನು ಕೂರಿಸಿಕೊಂಡು ಪೊಲೀಸರಂತೆ ಪ್ರಶ್ನೆ ಕೇಳಬೇಕಾದರೆ ಉತ್ತರ ಮೊದಲೇ ಗೊತ್ತಿರಬೇಕು.

ಅದಕ್ಕೇ ಅಕ್ಕ ಮೊದಲು ನಿರ್ದೇಶಕನ ಮನೆಗೆ ಹೋದಳು.

ಬಾಗಿಲು ತೆರೆದವನನ್ನು ಕಂಡರೆ, ನಿನ್ನೆ ಅತ್ಯುತ್ತಮ ನಿರ್ದೇಶಕ ಎನ್ನಿಸಿಕೊಂಡವನು ಇವನೇ ಎಂದು ಯಾರೂ ನಂಬುತ್ತಿರಲಿಲ್ಲ. ನಿನ್ನೆಯ ಪ್ಯಾಂಟು, ಅದರ ಮೇಲೆ ಮನೆಯ ಬನಿಯನ್ನು, ಕೆಂಪಗೆ ಊದಿದ ಕಣ್ಣು. ನಡುಮನೆಯಲ್ಲಿ ಹೂಗುಚ್ಛಗಳನ್ನು ಇಡಲು ಜಾಗವಿಲ್ಲದೆ ಬಕೆಟ್ಟುಗಳಲ್ಲಿ ನಿಲ್ಲಿಸಿದ್ದರು. ಪ್ರಶಸ್ತಿಯ ವಿಗ್ರಹ ಮಾತ್ರ ಚಪ್ಪಲಿ ಗೂಡಿನ ಮೇಲೆ, ಮನೆಯೊಳಗೆ ಬರಲು ಅಪ್ಪಣೆ ಸಿಗದ ನೆಂಟನ ಹಾಗೆ, ಬಾಗಿಲ ಬಳಿಯೇ ನಿಂತಿತ್ತು. ಸೋಫಾದ ಮೇಲಿದ್ದ ಫೋನ್ ಅಭಿನಂದನೆಗಳ ಭಾರಕ್ಕೆ ಬಡಬಡಿಸುತ್ತಲೇ ಇತ್ತು. ಅವನು ಅದರ ಕತ್ತು ಹಿಸುಕುವಂತೆ ಒತ್ತಿ ಹಿಡಿದು ಆರಿಸಿದ.

ಅಕ್ಕ ಕೂರಲಿಲ್ಲ. ಆ ಷಾಟನ್ನು ಸೆರೆಹಿಡಿದು ತಂದಿದ್ದ ತನ್ನ ಫೋನನ್ನು ಅವನ ಮುಂದೆ ಚಾಚಿದಳು.

“ಕ್ಯಾಮೆರಾ ಓಡ್ತಿರಲಿಲ್ಲ ಅಂತ ಪೊಲೀಸರಿಗೆ ಹೇಳಿದ್ರಿ.”

“ಹೇಳಿದೆ.”

“ಊಟದ ಬಿಡುವು ಅಂದ್ರಿ. ಅವಳಾಗಿ ಹತ್ತಿದಳು ಅಂದ್ರಿ.”

“ಅಂದೆ.”

“ಈ ಕೈ ನಿಮ್ಮದು.”

ನಿರ್ದೇಶಕ ಫೋನಿನತ್ತ ಕಣ್ಣು ಹಾಯಿಸಲೂ ಇಲ್ಲ. ಸುಸ್ತಾದವನಂತೆ ಸೋಫಾದ ಅಂಚಿಗೆ ಕೂತು ತನ್ನ ಬಲಗೈಯನ್ನು ಚಾಚಿ ತೋರಿಸಿದ. ಮಣಿಕಟ್ಟಿನಿಂದ ಮೊಣಕೈ ತನಕ ಹಳೆಯ ಸುಟ್ಟ ಗಾಯದ ಕಲೆ, ಬೆಳ್ಳಗೆ, ಸುಕ್ಕುಗಟ್ಟಿ ಹರಡಿತ್ತು. ಹುಡುಗಾಟದ ವಯಸ್ಸಿನಲ್ಲಿ ಆದದ್ದು ಎಂದ.

ಫೋನಿನ ಪರದೆಯ ಮೇಲಿದ್ದ ತೋಳಿನಲ್ಲಿ ಒಂದು ಗೀರೂ ಇರಲಿಲ್ಲ.

“ಆ ದಿನ ನಾನು ಸೆಟ್ಟಲ್ಲೇ ಇರಲಿಲ್ಲ, ಮೇಡಂ,” ಅಂದ. “ಹೊಟ್ಟೆನೋವು ಅಂತ ಆಸ್ಪತ್ರೆಲಿ ಬಿದ್ದಿದ್ದೆ. ಯಾರಿಗೂ ಗೊತ್ತಾಗಬಾರದು ಅಂತ ನಾವೇ ಮುಚ್ಚಿಟ್ವಿ. ನಿರ್ದೇಶಕ ಇಲ್ಲದೆ ಶೂಟಿಂಗ್ ನಡೀತಿದೆ ಅಂದ್ರೆ ನಿರ್ಮಾಪಕರು ಸುಮ್ಮನಿರ್ತಾರಾ? ಗಿರಣಿ ಬಾಡಿಗೆಗೆ ಸಿಕ್ಕಿದ್ದೇ ಅಷ್ಟು ದಿನ. ನನ್ನ ಜಾಗದಲ್ಲಿ ನಿಂತು ಆ ಬೆಂಕಿಯ ದೃಶ್ಯ ಪೂರ್ತಿ ತೆಗೆದವನು ಬೇರೆ.”

“ಯಾರು?”

ಅವನು ಚಪ್ಪಲಿ ಗೂಡಿನ ಕಡೆ ನೋಡಿದ.

“ನಿನ್ನೆ ನನ್ನ ಹೆಸರು ಕೂಗುವಾಗ ತೀರ್ಪುಗಾರರು ಯಾವ ದೃಶ್ಯ ಹೊಗಳಿದ್ರು, ನೆನಪಿದೆಯಾ? ಅದೇ ಬೆಂಕಿ. ನಾನು ತೆಗೀದೇ ಇರೋ ದೃಶ್ಯಕ್ಕೆ ಆ ಗೊಂಬೆ ತಗೊಂಡು ಬಂದಿದೀನಿ. ಮನೆ ಒಳಗೆ ಇಟ್ಕೊಳ್ಳೋಕೆ ಮನಸ್ಸಾಗಲಿಲ್ಲ.”

ಅಕ್ಕ ಮತ್ತೆ ಫೋನ್ ನೋಡಿದಳು. ಮಡಚಿದ ತೋಳು. ಅಗಲಿಸಿದ ಬೆರಳುಗಳು. ಒಳಕ್ಕೆ ಬಾಗಿದ, ನೆಟ್ಟಗಾಗದ ಕಿರುಬೆರಳು.

ಎಷ್ಟು ಭಾನುವಾರಗಳ ಊಟದಲ್ಲಿ ಆ ಕಿರುಬೆರಳು ಅವಳ ಎದುರಿಗೇ ಇರಲಿಲ್ಲ? ನೀರಿನ ಲೋಟ ಹಿಡಿದಾಗ ಅದೊಂದು ಬೆರಳು ಮುನಿಸಿಕೊಂಡಂತೆ ದೂರ ನಿಲ್ಲುತ್ತಿತ್ತು. ಚಿಕ್ಕಂದಿನಲ್ಲಿ ಕ್ರಿಕೆಟ್ ಚೆಂಡು ಬಡಿದು ಮುರಿದದ್ದು ಎಂದು ತಂಗಿಯ ಗಂಡನೇ ನಗುತ್ತ ಹೇಳಿದ್ದ. ಬೆಳಗಿನಿಂದ ಎಷ್ಟೋ ಸಲ ಆ ಚಿತ್ರವನ್ನು ನೋಡಿದರೂ ಅವಳಿಗೆ ಕಂಡಿರಲಿಲ್ಲ. ಕಳ್ಳನನ್ನು ಹುಡುಕುವ ಕಣ್ಣಿಗೆ ಸ್ವಂತ ಮನೆಯವನ ಕೈ ಹೇಗೆ ಕಾಣಬೇಕು?

ಅಕ್ಕ ಎದುರಿನ ಕುರ್ಚಿಯಲ್ಲಿ ಕೂತಳು.

ಉಳಿದದ್ದನ್ನು ನಿರ್ದೇಶಕ ನೆಲ ನೋಡುತ್ತ ಹೇಳಿದ. ಮೊದಲ ಸಿನಿಮಾದಿಂದಲೂ ತಮ್ಮಿಬ್ಬರದು ಜೋಡಿ. ಎಡಿಟಿಂಗ್ ರೂಮಿನ ಕತ್ತಲಲ್ಲಿ ಕೂತು ಕೂತು ತಾನೂ ಒಂದು ದಿನ ಆಕ್ಷನ್ ಎಂದು ಕೂಗಬೇಕು ಎಂಬ ಆಸೆ ಅವನಿಗೆ ಇದ್ದೇ ಇತ್ತು. ಆ ದಿನ ಸಿಕ್ಕಿತು. ಹಗ್ಗ ಕ್ಯಾಮೆರಾಕ್ಕೆ ಕಾಣುತ್ತಿದೆ, ದೃಶ್ಯ ಕೆಡುತ್ತದೆ ಎಂದು ಬಿಚ್ಚಿಸಿದ. ಬೆಳಕು ಹೋಗುತ್ತಿತ್ತು. ಸ್ಟಂಟ್ ಮಾಸ್ಟರ್ ಗಿರಣಿಯ ಇನ್ನೊಂದು ಬದಿಯಲ್ಲಿ ಬೆಂಕಿಯ ಏರ್ಪಾಡು ನೋಡಿಕೊಳ್ಳುತ್ತಿದ್ದ. ಅಣ್ಣನನ್ನು ಕೇಳಿ ಬರುತ್ತೇನೆ ಎಂದು ಆ ಹುಡುಗಿ ಹೇಳಿದಳಂತೆ. ಒಂದೇ ಟೇಕ್, ಕೆಳಗೆ ಹಾಸಿಗೆ ಇದೆಯಲ್ಲ ಎಂದನಂತೆ ಸಂಕಲನಕಾರ. ಹುಡುಗಿ ಜಿಗಿದಳು. ಹಾಸಿಗೆಯ ಅಂಚಿಗೆ ಬಿದ್ದಳು.

“ನನ್ನ ಆಸ್ಪತ್ರೆ ಮಂಚದ ಹತ್ತಿರ ಬಂದು ಮಗು ಥರ ಅತ್ತ,” ಅಂದ ನಿರ್ದೇಶಕ. “ನಾನೇ ಕಥೆ ಕಟ್ಟಿದೆ. ಊಟದ ಬಿಡುವು, ಕ್ಯಾಮೆರಾ ಆಫ್, ಅವಳಾಗಿ ಹತ್ತಿದಳು. ಆ ಷಾಟ್ ಅಳಿಸಿಹಾಕು ಅಂದೆ. ಅಳಿಸಿದೀನಿ ಅಂದ. ಅಳಿಸಿರಲಿಲ್ಲ.”

“ಅವಳ ಅಣ್ಣನಿಗೆ ಇದು ಗೊತ್ತಾ?”

ನಿರ್ದೇಶಕ ಮುಖವನ್ನು ಎರಡೂ ಕೈಯಿಂದ ಒರೆಸಿಕೊಂಡ. ಸಾಯುವ ಹಿಂದಿನ ದಿನ ಸಂಕಲನಕಾರ ಇಲ್ಲಿಗೆ ಬಂದಿದ್ದನಂತೆ, ಇದೇ ಸೋಫಾದಲ್ಲಿ ಕೂತಿದ್ದನಂತೆ. ತನ್ನ ತಂಗಿಯದೇ ತಪ್ಪು ಎಂದು ನಂಬಿಕೊಂಡು ಸ್ಟಂಟ್ ಮಾಸ್ಟರ್ ಮೂಲೆ ಸೇರಿದ್ದಾನೆ, ಅವನ ಮುಖ ನೋಡಲಾಗುತ್ತಿಲ್ಲ, ಕರೆದು ಷಾಟ್ ತೋರಿಸಿ ಕಾಲು ಹಿಡಿದುಕೊಳ್ಳುತ್ತೇನೆ, ಆಮೇಲೆ ಪೊಲೀಸರ ಹತ್ತಿರ ಹೋಗುತ್ತೇನೆ ಎಂದನಂತೆ. ಬೇಡ ಎಂದು ತಾನು ಅಂಗಲಾಚಿದೆ, ಮನೆಯಲ್ಲೂ ಅದೇ ವಿಷಯಕ್ಕೆ ಜಗಳವಾಗಿತ್ತಂತೆ, ಅವನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ ಎಂದ.

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಸತ್ತವನ ಮೇಲೆ ಹೇಳೋದಾ, ಮೇಡಂ? ಅದೂ ನಿಮ್ಮ ತಂಗಿ ಮುಂದೆ?” ಅವನು ವಿಗ್ರಹದ ಕಡೆ ಕೈ ತೋರಿಸಿದ. “ಸುಳ್ಳು ಯಾಕೆ. ನನ್ನ ಸಿನಿಮಾ ಸ್ಪರ್ಧೆಲಿ ಇತ್ತು.”

ಅಕ್ಕ ಎದ್ದಳು. ಅವನಿಗೆ ಬೈಯಬೇಕೆಂದು ಬಾಯಿಗೆ ಬಂದ ಮಾತು ಅಲ್ಲಿಯೇ ನಿಂತಿತು. ತಲೆಯೊಳಗೆ ಬೇರೆಯೇ ಕೊಂಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿದ್ದವು. ಸ್ಟಂಟ್ ಮಾಸ್ಟರ್‌ನನ್ನು ಕರೆದದ್ದು ನಿಜವಾದರೆ ಅವನು ಬಂದಿದ್ದಾನೆ. ಷಾಟ್ ನೋಡಿದ್ದಾನೆ. ನೋಡಿದ್ದರಿಂದಲೇ ನಿನ್ನೆ ಅದು ಬರುವ ಮೊದಲೇ ಕಣ್ಣು ಮುಚ್ಚಿಕೊಂಡಿದ್ದಾನೆ. ಸಂಕಲನಕಾರ ಸತ್ತ ಸಂಜೆ ಯಾರು ಎಲ್ಲಿದ್ದರು ಎಂದು ಅಕ್ಕ ಮೊದಲ ವಾರವೇ ವಿಚಾರಿಸಿದ್ದಳು. ನಿರ್ದೇಶಕ ಸೌಂಡ್ ಮಿಕ್ಸಿಂಗ್ ಥಿಯೇಟರಿನಲ್ಲಿ, ಹತ್ತಾರು ಜನರ ನಡುವೆ. ಶಿಷ್ಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ತಂಗಿ ಶಾಲೆಯಲ್ಲಿ, ಪೋಷಕರ ಸಭೆಯಲ್ಲಿ, ಅವಳೇ ಹೇಳಿದಂತೆ. ಸ್ಟಂಟ್ ಮಾಸ್ಟರ್ ಮನೆಯಲ್ಲಿ ಒಬ್ಬನೇ ಇದ್ದೆ ಎಂದಿದ್ದ. ಹೌದು ಎನ್ನಲು ಯಾರೂ ಇರಲಿಲ್ಲ.

ತಂಗಿಗೆ ಇದೆಲ್ಲ ಹೊಳೆದಿದೆ. ಅಕ್ಕನ ಹತ್ತಿರ ಒಂದು ಮಾತೂ ಆಡದೆ, ಊರೆಲ್ಲ ನೋಡುವ ಜಾಗದಲ್ಲಿ ಬಲೆ ಬೀಸಿ, ಸಿಕ್ಕಿಬಿದ್ದ ಮುಖವನ್ನು ನೋಡಿಕೊಂಡಿದ್ದಾಳೆ.

ಅಕ್ಕ ನಿರ್ದೇಶಕನ ಮನೆಯ ಮೆಟ್ಟಿಲಿಳಿಯುವಷ್ಟರಲ್ಲಿ ಫೋನ್ ಬಂತು. ಸಂಕಲನಕಾರನ ಶಿಷ್ಯ. ಮಾತಾಡಲೋ ಬೇಡವೋ ಎಂದು ತೊದಲುತ್ತಿದ್ದ.

ನಿನ್ನೆಯ ತುಣುಕು ಗುರುಗಳು ಕತ್ತರಿಸಿದ್ದಲ್ಲ, ಆ ಷಾಟನ್ನು ಕೂಡಿಸಿದ ಕಡೆ ಶಬ್ದ ಎಗರುತ್ತದೆ, ಹೊಸಬರ ಕೈ ಎಂದ. ಸಾವಾದ ಮೇಲೆ ಗುರುಪತ್ನಿ ಒಂದಷ್ಟು ದಿನ ಎಡಿಟಿಂಗ್ ರೂಮಿಗೆ ಬರುತ್ತಿದ್ದರು, ಅವರ ಹಳೆಯ ಕೆಲಸ ನೋಡುತ್ತ ಕೂರುತ್ತೇನೆ, ಹೇಗೆ ಕತ್ತರಿಸುವುದು, ಹೇಗೆ ಕೂಡಿಸುವುದು ಹೇಳಿಕೊಡು ಅಂದರು, ದುಃಖ ಮರೆಯಲಿ ಎಂದು ಹೇಳಿಕೊಟ್ಟೆ ಎಂದ.

“ಅದನ್ನ ಆಮೇಲೆ ಮಾತಾಡೋಣ. ಈಗ ಅವಳೆಲ್ಲಿ, ಗೊತ್ತಾ?”

“ಅದಕ್ಕೇ ಫೋನ್ ಮಾಡ್ದೆ, ಮೇಡಂ. ಇಲ್ಲೇ ಇದಾರೆ. ಸ್ಟಂಟ್ ಮಾಸ್ಟರ್‌ನ ಕರ್ಕೊಂಡು ಬಂದ್ರು. ಇಬ್ರೂ ಮೇಲೆ ಹೋದ್ರು. ನನ್ನ ಕೆಳಗಡೆ ಇರು, ಯಾರನ್ನೂ ಬಿಡಬೇಡ ಅಂದ್ರು. ನನಗ್ಯಾಕೋ ಸರಿ ಕಾಣ್ತಿಲ್ಲ.”

ಟ್ಯಾಕ್ಸಿಯವನಿಗೆ ಅಕ್ಕ ಪೊಲೀಸಿನಲ್ಲಿದ್ದಾಗಿನ ದನಿಯಲ್ಲಿ ವಿಳಾಸ ಹೇಳಿದಳು. ಅವನು ಎದುರಾಡದೆ ಗಾಡಿ ಓಡಿಸಿದ. ಊಟದ ಹೊತ್ತಿನ ರಸ್ತೆ, ಕಚೇರಿಗಳಿಂದ ಹೊರಬಿದ್ದ ಜನ, ಸಿಗ್ನಲ್ಲಿನಲ್ಲಿ ಬಾಲ ಕಚ್ಚಿಕೊಂಡು ನಿಂತ ವಾಹನಗಳು. ಪಕ್ಕದ ಅಂಗಡಿಯ ಟೀವಿಯಲ್ಲಿ ನಿನ್ನೆಯ ಸಮಾರಂಭವನ್ನು ಮತ್ತೆ ಹಾಕಿದ್ದರು. ಗೆದ್ದವರು ನಗುತ್ತಿದ್ದರು, ಸೋತವರೂ ನಗುತ್ತಿದ್ದರು. ಅಕ್ಕ ಬೇರೆ ಕಡೆ ಮುಖ ತಿರುಗಿಸಿದಳು.

ಹೋದ ತಿಂಗಳಿಡೀ ಅವಳು ತಂಗಿಯ ಮನೆಯಲ್ಲೇ ಮಲಗಿದ್ದಳು. ತಂಗಿ ಅತ್ತದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಗಟ್ಟಿ ಜೀವ ಅಂದುಕೊಂಡಿದ್ದಳು. ಅತ್ತು ಹಗುರಾಗು ಎಂದು ಬಲವಂತ ಮಾಡಿದ್ದಳು. ಆ ಮೌನದ ಒಳಗೆ ಇಂಥ ಲೆಕ್ಕಾಚಾರ ನಡೆಯುತ್ತಿತ್ತು ಎಂದು ಯಾರಿಗೆ ಗೊತ್ತು? ಈಗ ಅದೇ ಹುಚ್ಚು ಹುಡುಗಿ, ಗಂಡನನ್ನು ಕೊಂದವನನ್ನು ಒಬ್ಬಳೇ ಕರೆದುಕೊಂಡು ಅದೇ ಮೆಟ್ಟಿಲು ಹತ್ತಿದ್ದಾಳೆ. ಒಂದೇ ಕೈಯಲ್ಲಿ ಆಳನ್ನು ಎತ್ತಿ ಆಚೆ ಎಸೆಯಬಲ್ಲ ಮನುಷ್ಯ ಅವನು.

ಕಟ್ಟಡದ ಕೆಳಗಿನ ಮುದ್ರಣಾಲಯದಲ್ಲಿ ಯಂತ್ರ ಓಡುತ್ತಿತ್ತು. ನೆಲವೆಲ್ಲ ಸಣ್ಣಗೆ ನಡುಗುತ್ತಿತ್ತು. ಶಿಷ್ಯ ಬಾಗಿಲಲ್ಲೇ ನಿಂತಿದ್ದ, ಬಿಳಿಚಿದ ಮುಖ. ಅಕ್ಕ ಪೊಲೀಸರಿಗೆ ಫೋನ್ ಮಾಡು ಎಂದು ಅವನಿಗೆ ಸನ್ನೆ ಮಾಡಿ, ಚಪ್ಪಲಿ ಅಲ್ಲೇ ಬಿಟ್ಟು, ಬರಿಗಾಲಿನಲ್ಲಿ ಮೆಟ್ಟಿಲು ಹತ್ತಿದಳು.

ಸುತ್ತಿ ಸುತ್ತಿ ಮೇಲೇರುವ ಕಿರಿದಾದ ಮೆಟ್ಟಿಲು. ನಡುವಿನ ಬಾವಿಯಂಥ ಖಾಲಿ ಜಾಗದಿಂದ ತಲೆಯೆತ್ತಿ ನೋಡಿದರೆ, ಮೇಲಿನ ಕಟಕಟೆಯ ಮೇಲೆ ತಂಗಿಯ ಕೈ ಕಂಡಿತು. ಅದರಿಂದ ಸ್ವಲ್ಪ ಕೆಳಗೆ ಇನ್ನೊಂದು ಕೈ, ದಪ್ಪ ಗಿಣ್ಣಿನದು. ಎರಡೂ ಕೈಗಳು ಅಲುಗಾಡುತ್ತಿರಲಿಲ್ಲ. ಅಕ್ಕ ಇನ್ನೊಂದು ಸುತ್ತು ಹತ್ತಿದಳು.

ಮೇಲಿನಿಂದ ತಂಗಿಯ ದನಿ ಕೇಳಿಸಿತು. ದನಿಯಲ್ಲಿ ಹೆದರಿಕೆ ಇರಲಿಲ್ಲ.

“ಅವರು ಫೋನ್ ಮಾಡಿ ಕರೆದ್ರು, ನೀವು ಬಂದ್ರಿ. ಆಮೇಲೆ?”

“ಷಾಟ್ ತೋರಿಸಿದ್ರು. ಕಾಲಿಗೆ ಬಿದ್ರು.” ಸ್ಟಂಟ್ ಮಾಸ್ಟರ್‌ನ ದನಿ ಅಷ್ಟು ದೊಡ್ಡ ಮೈಯಿಂದ ಬಂದದ್ದೆಂದು ಅನ್ನಿಸುವಂತಿರಲಿಲ್ಲ. “ನನಗೆ ಏನೂ ತೋಚಲಿಲ್ಲ ಅತ್ತಿಗೆ. ಎದ್ದು ಬಂದುಬಿಟ್ಟೆ. ಅರ್ಧ ಮೆಟ್ಟಿಲು ಇಳಿದವನು ಕೆಳಗಿನ ತಿರುವಿನಲ್ಲಿ ಕೂತ್ಕೊಂಡೆ. ಕಾಲು ನಡೀಲಿಲ್ಲ. ನನ್ನ ತಂಗಿನ ನಾನೇ ಬೈಕೊಂಡು ತಿರುಗಾಡಿದ್ದೆನಲ್ಲ ಅಂತ ಅಳ್ತಾ ಇದ್ದೆ.”

“ಮತ್ತೆ ವಾಪಸ್ ಹತ್ತಿದ್ರಿ. ಸಿಟ್ಟು ಬಂತು.”

“ಇಲ್ಲ.”

“ತಳ್ಳಿದ್ರಿ.”

“ಇಲ್ಲ. ಮೇಲ್ಗಡೆ ಮಾತು ಜೋರಾಯ್ತು. ತಲೆ ಎತ್ತಿ ನೋಡ್ದೆ. ಅವರು ಈಗ ನಾನು ನಿಂತಿರೋ ಕಡೆ ನಿಂತಿದ್ರು. ಕನ್ನಡಕ ಇರಲಿಲ್ಲ. ನಾಳೆ ಪೊಲೀಸರ ಹತ್ತಿರ ಹೋಗೇ ಹೋಗ್ತೀನಿ ಅಂತಿದ್ರು.”

“ಯಾರ ಹತ್ತಿರ ಅಂತಿದ್ರು?”

ಸ್ಟಂಟ್ ಮಾಸ್ಟರ್ ಕಟಕಟೆಯಿಂದ ಕೈ ತೆಗೆದ. ಅಕ್ಕ ತಿರುವಿನ ಮರೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಇನ್ನೊಂದೇ ಹೆಜ್ಜೆಗೆ ಅವನ ಬೆನ್ನು ಅವಳ ಕೈಗೆ ಸಿಗುತ್ತಿತ್ತು.

“ನಿನ್ನೆ ಹಾಲ್‌ನಲ್ಲಿ ನೀವು ನನ್ನನ್ನೇ ನೋಡ್ತಿದ್ರಿ,” ಅಂದ ಅವನು. “ಇವನಿಗೆ ಎಷ್ಟು ಗೊತ್ತು ಅಂತ ತಾನೇ ನೋಡ್ತಿದ್ದದ್ದು? ಈ ಒಂದು ತಿಂಗಳು ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಅವರ ಮೇಲಿನ ಸಿಟ್ಟೋ, ನಿಮ್ಮ ಮೇಲಿನ ಕನಿಕರವೋ, ನನಗೇ ಗೊತ್ತಿಲ್ಲ. ಅದನ್ನೂ ನನ್ನ ಬಾಯಲ್ಲೇ ಹೇಳಿಸ್ಬೇಕಾ?”

“ಹೇಳಿ.”

“ಒಳಗಿನ ರೂಮಿಂದ ಬಂದು ಅವರ ಎದುರಿಗೆ ಆ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದದ್ದು ನೀವು, ಅತ್ತಿಗೆ. ತಳ್ಳಿದ ಕೈಯೂ ನಿಮ್ಮದೇ.”

ಅಕ್ಕ ಮುಂದಿಟ್ಟ ಕಾಲು ಅಲ್ಲಿಯೇ ನಿಂತಿತು. ಅವಳು ಕಾದಳು. ತಂಗಿಯ ಬಾಯಿಂದ ಬರಬೇಕಾದ ಒಂದೇ ಒಂದು ಮಾತಿಗಾಗಿ, ಹುಟ್ಟಿದಾರಭ್ಯ ಯಾವುದಕ್ಕೂ ಕಾಯದ ಹಾಗೆ ಕಾದಳು.

ತಂಗಿ ಇಲ್ಲ ಎನ್ನಲಿಲ್ಲ.